ಮೂರನೇ ಬಾರ್‌ನ ಸಿ ಶಾರ್ಪ್
ಆಗಸ್ಟ್ 17, 2025, ಭಾನುವಾರ

ಬೆಳಗ್ಗೆಯಿಂದ ಗಿಟಾರ್‌ನಲ್ಲಿ ಬಾಖ್‌ನ ಮೊದಲನೇ ಚೆಲ್ಲೊ ಸ್ವೀಟ್‌ನ ಪ್ರೆಲ್ಯೂಡ್ (ಶುರುವಿನ ಭಾಗ) ಹಿಡಿದು ಕೂತಿದ್ದೇನೆ. ಮೂಲ ಜಿ ಮೇಜರ್, ಅಂದರೆ ಜಿ ಸ್ವರವೇ ಅದರ ಆಧಾರ. ಗಿಟಾರ್‌ನಲ್ಲಿ ಬಹಳ ಜನ ಡಿ ಮೇಜರ್‌ಗೆ ತಂದು ನುಡಿಸುತ್ತಾರೆ, ನಾನೂ ಹಾಗೇ. ಒಟ್ಟು 42 ಬಾರ್ (ನಮ್ಮ ತಾಳದ ಆವರ್ತದ ಹಾಗೆ), ಹೆಚ್ಚುಕಡಿಮೆ ಪೂರ್ತಿ ಸೆಮಿಕ್ವೇವರ್‌ಗಳೇ, ಅಂದರೆ ಕಾಲು ಬೀಟ್‌ನ ಸ್ವರಗಳು. ಬಾಖ್ ಕೈಬರಹದ ಪ್ರತಿ ಉಳಿದಿಲ್ಲ. ಹೆಂಡತಿ ಆನಾ ಮಗ್ದಲೇನಾ ಮಾಡಿದ ನಕಲು ಇದೆ, ಅದರಲ್ಲಿ ಸ್ಲರ್ ಗೆರೆಗಳು (ಯಾವ ಸ್ವರಗಳನ್ನು ಸೇರಿಸಿ ನುಡಿಸಬೇಕು ಅಂತ ತೋರಿಸುವವು) ಒಂದು ಕಡೆ ಒಂದು ಥರ. ಹಾಗಾದರೆ ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಯಾರನ್ನು ಕೇಳೋದು? ಕಾರ್ಡ್‌ಗಳನ್ನೇ (ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳನ್ನೇ) ಕೇಳಬೇಕು.

ಅದಕ್ಕೇ ಇವತ್ತು ಆರ್ಪೆಜಿಯೊ (ಕಾರ್ಡ್‌ನ ಸ್ವರಗಳನ್ನು ಒಂದಾದ ಮೇಲೊಂದು ನುಡಿಸುವುದು) ಬಿಟ್ಟು, ಒಂದೊಂದು ಬಾರ್‌ನ ಮುಖ್ಯ ಸ್ವರಗಳನ್ನು ಸುಮ್ನೆ ಒಟ್ಟಿಗೆ ಮೀಟುತ್ತಾ ಹೋದೆ. ಮೊದಲನೇ ಬಾರ್ ಡಿ, ಎ, ಎಫ್ ಶಾರ್ಪ್ (ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ). ಎರಡನೆಯದು ಡಿ, ಬಿ, ಜಿ. ಮೂರನೆಯದು ಡಿ, ಸಿ ಶಾರ್ಪ್, ಜಿ. ನಾಲ್ಕನೆಯದು ಡಿ, ಮೇಲಿನ ಡಿ, ಎಫ್ ಶಾರ್ಪ್. ನಾಲ್ಕಕ್ಕೂ ಕೆಳಗೆ ಅದೇ ಡಿ, ನಾಲ್ಕನೇ ತಂತಿ, ಬೆರಳು ಇಡುವ ಕೆಲಸವೇ ಇಲ್ಲ.

ಮಜಾ ಇರೋದು ಮೂರನೇ ಬಾರ್‌ನಲ್ಲಿ. ತಂಬೂರಿಯ ಷಡ್ಜದ ಮೇಲೆ ಕಾಕಲಿ ನಿಷಾದವನ್ನು (ಷಡ್ಜಕ್ಕಿಂತ ಅರ್ಧ ಸ್ವರ ಕೆಳಗಿನ ನಿ) ಎಳೆದು ಹಿಡಿದಾಗ ಯಾವಾಗಪ್ಪ ಷಡ್ಜಕ್ಕೆ ಬರ್ತಾರೆ ಅನ್ನಿಸುತ್ತಲ್ವಾ, ಈ ಸಿ ಶಾರ್ಪ್ ಮಾಡುವುದೂ ಅದನ್ನೇ. ಆದರೆ ಇಲ್ಲಿ ಅದೊಂದೇ ಅಲ್ಲ, ಮೇಲಿನ ಜಿ ಕೂಡ ಇಳಿಯೋಕೆ ಕಾಯುತ್ತಿರುತ್ತದೆ. ನಾಲ್ಕನೇ ಬಾರ್‌ಗೆ ಬಂದಾಗ ಸಿ ಶಾರ್ಪ್ ಅರ್ಧ ಸ್ವರ ಹತ್ತಿ ಡಿ ಆಗುತ್ತದೆ, ಜಿ ಅರ್ಧ ಸ್ವರ ಇಳಿದು ಎಫ್ ಶಾರ್ಪ್ ಆಗುತ್ತದೆ. ಕೈಯಲ್ಲೂ ಅದು ಕಾಣುತ್ತದೆ: ಎರಡನೇ ತಂತಿಯಲ್ಲಿ ಬೆರಳು ಒಂದು ಫ್ರೆಟ್ (ಅರ್ಧ ಸ್ವರದ ಒಂದು ಮನೆ) ಮುಂದೆ, ಒಂದನೇ ತಂತಿಯಲ್ಲಿ ಒಂದು ಫ್ರೆಟ್ ಹಿಂದೆ.

ಹಾಗಾಗಿ ಮೂರನೇ ಬಾರ್‌ಗೆ ಭಾರ, ನಾಲ್ಕನೆಯದು ಹಗುರ. ನಿಧಾನ ಮಾಡೋದೇನೂ ಬೇಡ. ಕೆಳಗಿನ ಡಿ ಮೊಳಗುತ್ತಾ ಇದ್ದರೆ ಸಾಕು. ಚೆಲ್ಲೊದಲ್ಲಿ ಬಿಲ್ಲು ಬೇರೆ ತಂತಿಗೆ ಹೋದಮೇಲೆ ಕೆಳಗಿನ ಸ್ವರವನ್ನು ಕೇಳುಗರೇ ನೆನಪಿಟ್ಟುಕೊಳ್ಳಬೇಕು. ಗಿಟಾರ್‌ನಲ್ಲಿ ಅದು ನಿಜವಾಗಿ ಕೇಳುತ್ತಲೇ ಇರುತ್ತದೆ, ಸಿ ಶಾರ್ಪ್ ಜೊತೆಗಿನ ತಿಕ್ಕಾಟವೂ ನಿಜವಾಗಿಯೇ ಕಿವಿಗೆ ಬೀಳುತ್ತದೆ. ಈ ಪೀಸ್ ಗಿಟಾರ್‌ಗೆ ಚೆನ್ನಾಗಿ ಕೂರುವುದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ.

ಐದನೇ ಬಾರ್‌ನ ಕೊನೆಯಲ್ಲಿ ಮೊದಲ ಸಲ ಜಿ ಶಾರ್ಪ್ ಬರುತ್ತದೆ. ಡಿ ಮೇಜರ್‌ನಲ್ಲಿ ಇಲ್ಲದ ಸ್ವರ, ಎ ಕಡೆಗೆ ಬೆರಳು ತೋರಿಸುತ್ತದೆ. ಅದಕ್ಕೆ ಮುಂಚೆ ಎಫ್ ಶಾರ್ಪ್ ಹಿಡಿಯೋಕೆ ಅದೇ ನಾಲ್ಕನೇ ತಂತಿಯನ್ನು ಒತ್ತಬೇಕು, ಹಾಗಾಗಿ ಡಿ ತಾನಾಗಿಯೇ ನಿಂತುಹೋಗುತ್ತದೆ! ಬೇರೆ ಕಡೆ ಇಷ್ಟು ಸುಲಭವಿಲ್ಲ. ಕಾರ್ಡ್ ಬದಲಾದ ಮೇಲೂ ಹಳೆಯ ಬೇಸ್ (ಕೆಳಗಿನ ಸ್ವರ) ಗುಂಯ್ ಅಂತಿದ್ದರೆ ಹೆಬ್ಬೆರಳಲ್ಲಿ ಮುಟ್ಟಿ ನಿಲ್ಲಿಸಬೇಕು.

22ನೇ ಬಾರ್‌ನಲ್ಲಿ ಎ ಮೇಲೆ ಫರ್ಮಾಟಾ (ಸ್ವರವನ್ನು ಎಳೆದು ನಿಲ್ಲಿ ಅನ್ನುವ ಗುರುತು) ಇದೆ, ಅಲ್ಲಿ ಧಾರಾಳವಾಗಿ ನಿಲ್ಲುತ್ತೇನೆ. ಕೊನೆಯ ಹತ್ತಿರ ಎ ಹಿಡಿದುಕೊಂಡೇ ಅರ್ಧ ಅರ್ಧ ಸ್ವರ ಮೇಲೇರುವ ಭಾಗದಲ್ಲಿ ಮಾತ್ರ ನಿಲ್ಲೋದಿಲ್ಲ. ಕೆಲವು ಗಿಟಾರ್ ಪ್ರತಿಗಳಲ್ಲಿ ಮೂಲದಲ್ಲಿಲ್ಲದ ಬೇಸ್ ಸ್ವರಗಳನ್ನು ಸೇರಿಸಿರುತ್ತಾರೆ. ನಾನು ಆ ಮೇಲೇರುವ ಭಾಗದಲ್ಲಿ ಕೆಳಗಿನ ಎ ಒಂದೇ ಒಂದು ಸಲ ಹಾಕಿ ನೋಡಿದೆ, ಇಷ್ಟವಾಯಿತು, ಪೆನ್ಸಿಲ್‌ನಲ್ಲಿ ಗುರುತು ಹಾಕಿಟ್ಟಿದ್ದೇನೆ. ಉಳಿದವು ಜಾಸ್ತಿಯಾಯಿತು ಅನ್ನಿಸಿ ಅಳಿಸಿಬಿಟ್ಟೆ.