ಕಲ್ಲಿನ ಪಕ್ಕದ ಒಳಪದರ

ಗುರುವಾರ, 14 ಮಾರ್ಚ್ 2024

ಕಳೆದ ವಾರ ನಮ್ಮ ಪೆಥಾಲಜಿ ಲ್ಯಾಬಿಗೆ ಬಂದಿದ್ದ ಕಿಡ್ನಿಯ ರಿಪೋರ್ಟಿಗೆ ಇವತ್ತು ಸಂಜೆ ಸಹಿ ಹಾಕಿದೆ. ಜೊತೆಗಿದ್ದ ಫಾರ್ಮಿನಲ್ಲಿ ಒಂದೇ ಸಾಲು: ಹಳೆಯ ಕಲ್ಲು, ಕೆಲಸ ನಿಲ್ಲಿಸಿದ ಎಡ ಕಿಡ್ನಿ, ತೆಗೆಯಲಾಗಿದೆ. ಕ್ಯಾನ್ಸರ್ ಇರಬಹುದೆಂಬ ಅನುಮಾನ ಯಾರಿಗೂ ಇರಲಿಲ್ಲ. ಸ್ಕ್ಯಾನ್‌ನಲ್ಲಿ ಕಲ್ಲೇ ಎದ್ದು ಕಂಡಿದೆ. ನೋವು, ಮೂತ್ರದಲ್ಲಿ ರಕ್ತ ಎಲ್ಲದಕ್ಕೂ ಅದೇ ಕಾರಣವಾಗಿ ಸಿಕ್ಕಿದೆ.

ಸೀಳಿದಾಗ ಜಿಂಕೆಯ ಕೊಂಬಿನಂತೆ ಕವಲೊಡೆದ ಕಲ್ಲು. ಎತ್ತಲು ಹೋದರೆ ಸಲೀಸಾಗಿ ಬರಲಿಲ್ಲ. ಒಂದು ಕವಲಿಗೆ ಬಿಳಿ ಪೊರೆಯಂಥದ್ದೇನೋ ಅಂಟಿಕೊಂಡಿತ್ತು. ಗ್ಲೌಸ್ ಹಾಕಿದ ಬೆರಳಲ್ಲಿ ಉಜ್ಜಿದರೆ ಒಡೆದ ಹಿಮ್ಮಡಿಯ ಒಣಚರ್ಮದ ಹಾಗೆ ಪುಡಿಪುಡಿಯಾಯಿತು. ಮೂತ್ರ ಬಂದು ಸೇರುವ ಜಾಗದಲ್ಲಿ ಚರ್ಮದ ಹೊಟ್ಟು ಯಾಕಿರಬೇಕು? ಅದರ ಕೆಳಗಿನ ಗೋಡೆ ದಪ್ಪಗೆ, ಗಟ್ಟಿಯಾಗಿತ್ತು. ಆಗಲೇ ಎದೆ ಧಸಕ್ಕೆಂದಿತು.

ಸ್ಲೈಡಿನಲ್ಲಿ ಗೊಂದಲವೇ ಇರಲಿಲ್ಲ. ಸುರುಳಿಸುತ್ತಿದ ಗುಲಾಬಿ ಬಣ್ಣದ ಕೆರಾಟಿನ್ ಮುತ್ತುಗಳು, ಕೋಶದಿಂದ ಕೋಶಕ್ಕೆ ಏಣಿಯ ಮೆಟ್ಟಿಲಿನಂಥ ಸಣ್ಣ ಎಳೆಗಳು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಚರ್ಮದಲ್ಲಿರುವಂಥ ಚಪ್ಪಟೆ ಕೋಶಗಳ ಕ್ಯಾನ್ಸರ್. ಚರ್ಮ, ಬಾಯಿ, ಅನ್ನನಾಳ, ಗರ್ಭಕಂಠದಲ್ಲಿ ಇದನ್ನು ಎಷ್ಟೋ ಸಲ ನೋಡುತ್ತೇವೆ. ಅಲ್ಲಿನ ಹೊದಿಕೆಯೇ ಸ್ಕ್ವಾಮಸ್ ಕೋಶಗಳದ್ದು. ಕಿಡ್ನಿಯೊಳಗೆ ಹಾಗಿಲ್ಲ.

"ಮೇಡಂ, ಪಿ40 ಪಾಸಿಟಿವ್. ಪ್ರೈಮರಿ ಅಂತ ಬರೀಲಾ?" ಎಂದಳು ನಮ್ಮಲ್ಲಿ ಪಿಜಿ ಓದುತ್ತಿರುವ ಹುಡುಗಿ.

"ಪಿ40 ಬಗೆ ಹೇಳುತ್ತಮ್ಮ, ಹುಟ್ಟೂರು ಹೇಳಲ್ಲ" ಎಂದೆ. ಅದು ಸ್ಕ್ವಾಮಸ್ ಕೋಶ ಗುರುತಿಸಲು ಮಾಡುವ ಬಣ್ಣದ ಪರೀಕ್ಷೆ. ಕ್ಯಾನ್ಸರ್ ಇಲ್ಲೇ ಹುಟ್ಟಿದ್ದೋ, ಅಂದರೆ ಪ್ರೈಮರಿಯೋ, ಬೇರೆಡೆಯಿಂದ ಬಂದದ್ದೋ ಎಂದು ಅದು ತಿಳಿಸುವುದಿಲ್ಲ.

ನನಗೆ ಇದನ್ನು ಕಲಿಸಿದ್ದು ಒಂದು ಥೈರಾಯ್ಡ್. ವರ್ಷಗಳ ಹಿಂದೆ, ಕುತ್ತಿಗೆಯ ಗಂಟಿನಲ್ಲಿ ಇದೇ ಮುತ್ತುಗಳನ್ನು ಕಂಡು, ಅಪರೂಪದ್ದು ಸಿಕ್ಕಿತೆಂದು ಪ್ರೈಮರಿ ಎಂದು ಬರೆಯುವುದರಲ್ಲಿದ್ದೆ. ಹಿರಿಯರೊಬ್ಬರು ತಡೆದು ಎಂಡೋಸ್ಕೋಪಿ ಮಾಡಿಸಿದರು. ಮೂಲ ಅನ್ನನಾಳದಲ್ಲಿತ್ತು, ಅಲ್ಲಿಂದ ಪಕ್ಕಕ್ಕೆ ಹಬ್ಬಿತ್ತು. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಅಲ್ಲೇ ಹುಟ್ಟಿದ ಸ್ಕ್ವಾಮಸ್ ನೂರಕ್ಕೆ ಒಂದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ ಅದನ್ನು ತೀರಾ ಉಗ್ರವಾದ ಅನಾಪ್ಲಾಸ್ಟಿಕ್ ಕ್ಯಾನ್ಸರಿನ ಒಂದು ರೂಪವೆಂದೇ ಪರಿಗಣಿಸುತ್ತದೆ. ಅಂದು ನಾನು ಸಹಿ ಹಾಕಿದ್ದರೆ ರೋಗಿಯ ಚಿಕಿತ್ಸೆಯ ದಾರಿಯೇ ತಪ್ಪುತ್ತಿತ್ತು. ಇವತ್ತಿಗೂ ನೆನೆದರೆ ಮೈ ನಡುಗುತ್ತದೆ.

ಅಂದಿನಿಂದ ಸ್ತನದಲ್ಲಿ ಕಂಡರೆ ಮೊದಲು ಮೇಲಿನ ಚರ್ಮ ನೋಡುತ್ತೇನೆ. ಅಂಡಾಶಯದಲ್ಲಾದರೆ ಕೂದಲು, ಹಲ್ಲು ತುಂಬಿದ ಡರ್ಮಾಯ್ಡ್ ಗಂಟಿನ ಗುರುತು ಹುಡುಕುತ್ತೇನೆ, ಏಕೆಂದರೆ ಅಲ್ಲಿ ಇದು ಹೆಚ್ಚಾಗಿ ಹುಟ್ಟುವುದು ಅದರೊಳಗಿನ ಚರ್ಮದಿಂದಲೇ.

ಕಿಡ್ನಿಗೆ ಮರಳಿದೆ. ಅದರೊಳಗೆ ಮೂತ್ರ ಬಂದು ಸೇರುವ ಪೆಲ್ವಿಸ್‌ನ ಗೋಡೆಯಲ್ಲಿ ಉಳಿದಿದ್ದನ್ನೆಲ್ಲ ಸ್ಲೈಡಿಗಾಗಿ ಮೇಣದ ಬ್ಲಾಕ್ ಮಾಡಿಸಿದೆ. ಎಲ್ಲೋ ಒಂದು ಮೂಲೆಯಲ್ಲಿ ಯೂರೋಥೀಲಿಯಲ್ ಕ್ಯಾನ್ಸರ್, ಅಂದರೆ ಮೂತ್ರದ ದಾರಿಯ ಸಹಜ ಒಳಪದರದ ಕ್ಯಾನ್ಸರ್, ಕಂಡರೂ ಕಾಯಿಲೆಯ ಹೆಸರೇ ಬದಲಾಗುತ್ತದೆ, ಕೀಮೋದ ಲೆಕ್ಕಾಚಾರವೂ ಬದಲಾಗುತ್ತದೆ. ಎಲ್ಲೂ ಕಾಣಲಿಲ್ಲ. ಹುಡುಕುತ್ತಿದ್ದ ಇನ್ನೊಂದು ವಿಷಯ ಹದಿನಾಲ್ಕನೆಯ ಬ್ಲಾಕಿನಲ್ಲಿ ಸಿಕ್ಕಿತು.

ಸ್ಲೈಡಿನ ಎಡತುದಿಯಲ್ಲಿ ಕಿಡ್ನಿಯ ಸಹಜ ಒಳಪದರ. ಸ್ವಲ್ಪ ಸರಿಸಿದರೆ, ಕಲ್ಲು ಒತ್ತಿಕೊಂಡಿದ್ದ ಜಾಗದಲ್ಲಿ ಅದೇ ಪದರ ಚರ್ಮದಂತಾಗಿದೆ. ವರ್ಷಗಟ್ಟಲೆ ಉಜ್ಜಿಸಿಕೊಂಡು, ಸೋಂಕು ತಿಂದು, ತನ್ನನ್ನು ಕಾಪಾಡಿಕೊಳ್ಳಲು ಒಳಪದರ ಮಾಡುವ ಬದಲಾವಣೆ ಇದು, ಮೆಟಾಪ್ಲೇಸಿಯ. ಇನ್ನೂ ಬಲಕ್ಕೆ ಹೋದರೆ ಕೋಶಗಳು ಶಿಸ್ತು ತಪ್ಪಿವೆ, ನ್ಯೂಕ್ಲಿಯಸ್‌ಗಳು ಕಪ್ಪಾಗಿ ಉಬ್ಬಿವೆ. ಆಮೇಲೆ ಪದರದ ಪೂರ್ತಿ ದಪ್ಪವೂ ಕೆಟ್ಟಿದೆ. ಬಲತುದಿಯಲ್ಲಿ ತಳ ಒಡೆದು ಕೆಳಗಿಳಿದಿದೆ. ಬೇರೆಡೆಯಿಂದ ಬಂದು ಕೂತ ಗಡ್ಡೆಗೆ ಇಂಥ ಪೂರ್ವಕಥೆ ಇರುವುದಿಲ್ಲ. ಪಿಜಿಯನ್ನು ಪಕ್ಕದ ಐಪೀಸಿಗೆ ಕರೆದು ಎಡದಿಂದ ಬಲಕ್ಕೆ ನಿಧಾನವಾಗಿ ತೋರಿಸಿದೆ. "ಈಗ ಬರಿ" ಎಂದೆ.

ಆದರೂ ಶ್ವಾಸಕೋಶ, ಗರ್ಭಕಂಠ ಎರಡನ್ನೂ ಪರೀಕ್ಷಿಸಿ ಎಂದು ರಿಪೋರ್ಟಿನ ಕೊನೆಗೆ ಸೇರಿಸಿದೆ. ಗಡ್ಡೆ ಪಕ್ಕದ ಕೊಬ್ಬಿನವರೆಗೂ ಇಳಿದಿದೆ. ಈ ಕಾಯಿಲೆ ಕೈಗೆ ಸಿಗುವ ಹೊತ್ತಿಗೆ ಬಹಳ ಸಲ ಇಷ್ಟು ದೂರ ಬಂದೇ ಇರುತ್ತದೆ.

ಸರ್ಜನ್‌ಗೆ ಫೋನ್ ಮಾಡಿದೆ. ಬಹಳ ಹೊತ್ತು ಅವರು ಮಾತಾಡಲಿಲ್ಲ.

"ಕಲ್ಲು ಹೋಯ್ತಲ್ಲ, ಇನ್ನು ಆರಾಮು ಅಂತ ಹೇಳಿ ಮನೆಗೆ ಕಳಿಸಿದ್ದೆ ಮೇಡಂ. ನಾಳೆ ಹೊಲಿಗೆ ಬಿಚ್ಚಿಸೋಕೆ ಬರ್ತಾರೆ."

ಜೊತೆಗೆ ಮನೆಯವರು ಯಾರಾದರೂ ಬರಲಿ ಎಂದು ಇವತ್ತೇ ತಿಳಿಸಿ ಎಂದೆ. ಆಯ್ತು ಎಂದರು.