ರೆಸಿನ್ ಬ್ರಷ್ ತೊಳೆಯೋಕೂ ಒಂದು ಟೈಮಿದೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಪ್ಯಾಟರ್ನ್ ಶಾಪ್ ಇದೆ. ಸುತ್ತಲಿನ ಫೌಂಡ್ರಿಗಳಿಗೆ ಪ್ಯಾಟರ್ನ್, ಕೋರ್ ಬಾಕ್ಸ್ (ಎರಕದ ಒಳಗಿನ ಟೊಳ್ಳಿಗೆ ಬೇಕಾದ ಮರಳಿನ ತಿರುಳು ಮಾಡುವ ಪೆಟ್ಟಿಗೆ) ಮಾಡಿಕೊಡುತ್ತೇವೆ. ಎರಕ ಹೊಯ್ಯುವ ಮೊದಲು ಮರಳಿನಲ್ಲಿ ಅಚ್ಚು ಮೂಡಿಸುತ್ತಾರಲ್ಲ, ಆ ಅಚ್ಚಿಗೆ ಬೇಕಾದ ಮಾದರಿಯೇ ಪ್ಯಾಟರ್ನ್. ಹತ್ತಿಪ್ಪತ್ತು ಎರಕಕ್ಕೆ ಕಟ್ಟಿಗೆಯದ್ದೇ ಸಾಕು. ಆರ್ಡರ್ ದೊಡ್ಡದಾದರೆ ಕಟ್ಟಿಗೆ ಮರಳಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ಉಬ್ಬುತ್ತದೆ ಕೂಡ. ಆಗ ಎಪಾಕ್ಸಿ ರೆಸಿನ್ ಬೇಕು, ಅಂದರೆ ಹಾರ್ಡನರ್ ಎಂಬ ಇನ್ನೊಂದು ದ್ರವ ಕಲಸಿದರೆ ಗಟ್ಟಿಯಾಗುವ ಅಂಟು ದ್ರವ. ಕಟ್ಟಿಗೆ ಕೆಲಸ ನಮ್ಮ ಮಾವನವರದ್ದು ಮತ್ತು ಹಳೇ ಮಿಸ್ತ್ರಿ ಕಾಕಾ ಅವರದ್ದು. ರೆಸಿನ್ ಕೆಲಸ ನನ್ನದು. ಹಾಗಾಗಿ ಬ್ರಷ್‌ಗಳ ಪಂಚಾಯ್ತಿಯೂ ನನ್ನದೇ.

ಪೇಂಟ್ ಬ್ರಷ್ ಆದರೆ ಸಂಜೆ ತೊಳೆದರೂ ನಡೆಯುತ್ತದೆ, ಮರೆತರೆ ನಾಳೆ ಥಿನ್ನರ್‌ನಲ್ಲಿ ನೆನೆಸಿದರೂ ನಡೆಯುತ್ತದೆ. ರೆಸಿನ್‌ಗೆ ಆ ಸೌಲಭ್ಯ ಇಲ್ಲ. ಪೇಂಟಿನ ಹಾಗೆ ಅದು ಸುಮ್ನೆ ಒಣಗುವುದಿಲ್ಲ, ಹಾರ್ಡನರ್ ಜೊತೆ ಸೇರಿ ಬೇರೆಯೇ ವಸ್ತುವಾಗುತ್ತದೆ. ಗಟ್ಟಿಯಾದ ಮೇಲೆ ಅಸಿಟೋನ್‌ನಲ್ಲಿ ಮುಳುಗಿಸಿಟ್ಟರೂ ಬ್ರಷ್ ಹಳೇ ರೂಪಕ್ಕೆ ಬರಲ್ಲ. ಪೇಂಟ್ ಕೀಳುವ ಖಾರವಾದ ಕೆಮಿಕಲ್ ಹಾಕಿದರೆ ಸ್ವಲ್ಪ ಮೆತ್ತಗಾದೀತು. ಆದರೆ ಅದರ ಹೊಗೆ ಕುಡಿದು ಉಳಿಸಿಕೊಳ್ಳುವಷ್ಟು ಬೆಲೆಬಾಳುವ ಬ್ರಷ್ ನನ್ನ ಹತ್ತಿರ ಒಂದೂ ಇಲ್ಲ. ಗಟ್ಟಿಯಾದ ಬ್ರಷ್ ನೋಡಿದರೆ ಕಾಕಾ ಹೇಳುವುದು ಒಂದೇ ಮಾತು: "ತಂಗೀ, ಅದು ಸತ್ತೈತಿ. ಬಿಡು ಅದನ್ನ."

ನಾವು ಬಳಸುವುದು ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡನರ್. ತೂಕದಲ್ಲಿ 100ಕ್ಕೆ 10. ನೂರು ಗ್ರಾಂ ಕಲಸಿದರೆ 25 ಡಿಗ್ರಿ ಸೆಖೆಯಲ್ಲಿ ಹೆಚ್ಚೂಕಡಿಮೆ ಅರ್ಧ ಗಂಟೆ ಕೈಗೆ ಸಿಗುತ್ತದೆ. ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಅಂದರೆ ಏಪ್ರಿಲ್ ಮಧ್ಯಾಹ್ನ, ತಗಡಿನ ಶೆಡ್ ಕೆಳಗೆ, ಆ ಅರ್ಧ ಗಂಟೆಯಲ್ಲಿ ಅರ್ಧವನ್ನು ಮರೆತುಬಿಡಿ. ಮಗ್‌ನಲ್ಲಿ ಜಾಸ್ತಿ ಕಲಸಿಟ್ಟರೆ ತನ್ನ ಬಿಸಿಗೆ ತಾನೇ ಇನ್ನೂ ಬೇಗ ಗಟ್ಟಿಯಾಗುತ್ತದೆ. ಅದಕ್ಕೇ ನಾನು ಕಲಸಿದ ತಕ್ಷಣ ಅಗಲವಾದ ಟ್ರೇಗೆ ಸುರಿಯುತ್ತೇನೆ.

ಬ್ರಷ್ ಒಳಗೂ ಇದೇ ನಡೆಯುತ್ತಿರುತ್ತದೆ, ನಮಗೆ ಕಾಣಲ್ಲ ಅಷ್ಟೇ. ತುದಿಯ ರೆಸಿನ್ ಪ್ಯಾಟರ್ನ್‌ಗೆ ಹೋಗುತ್ತಾ ಇರುತ್ತದೆ, ಹೊಸದು ಬರುತ್ತಾ ಇರುತ್ತದೆ. ಕೂದಲಿನ ಬುಡದಲ್ಲಿ, ತಗಡಿನ ಕಟ್ಟಿನ ಒಳಗೆ, ಮೊದಲ ಅದ್ದಿನಲ್ಲಿ ಹೋದ ರೆಸಿನ್ ಅಲ್ಲೇ ಕೂತಿರುತ್ತದೆ. ತುದಿ ಮೆತ್ತಗಿದೆ, ಇನ್ನೂ ಟೈಮಿದೆ ಅಂತ ನಂಬಬೇಡಿ. ಬುಡವನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ. ಕೂದಲು ಬಿಡಿಬಿಡಿಯಾಗಿ ಜಾರಿದರೆ ಸರಿ. ಒಂದೇ ಮುದ್ದೆಯಾಗಿ ಹೊರಳಿದರೆ ಕೆಲಸ ನಿಲ್ಲಿಸಿ. ಬ್ರಷ್ ಎತ್ತಿದಾಗ ಟ್ರೇಯಿಂದ ಬೆಲ್ಲದ ಪಾಕದ ಹಾಗೆ ಎಳೆ ಬರತೊಡಗಿದರಂತೂ ತೊಳೆಯುವ ಹೊತ್ತೂ ಮುಗಿಯಿತು ಅಂತಲೇ ತಿಳಿಯಿರಿ.

ಈಗ ನಿಜವಾದ ಲೆಕ್ಕ. ಗ್ಲಾಸ್ ಕ್ಲಾತ್ (ಗಾಜಿನ ಎಳೆಯ ಬಟ್ಟೆ) ಮೇಲೆ ರೆಸಿನ್ ಕುಟ್ಟುವ ಒಂದಿಂಚಿನ ಅಗ್ಗದ ಬ್ರಷ್ 20-30 ರೂಪಾಯಿಗೆ ಸಿಗುತ್ತದೆ. ಅದನ್ನು ಸರಿಯಾಗಿ ತೊಳೆಯಲು 150-200 ಎಂಎಲ್ ಅಸಿಟೋನ್ ಬೇಕು, ನನ್ನ ಕಾಲು ಗಂಟೆ ಬೇಕು. ಎಲ್ಲಿಯ ಉಳಿತಾಯ? ಅದನ್ನು ತೊಳೆಯುವುದಿಲ್ಲ. ಗಟ್ಟಿಯಾಗಲು ಬಿಟ್ಟು ಎಸೆಯುತ್ತೇನೆ. ಬ್ರಷ್ ಎಸೆಯುವುದು ಅಂದರೆ ಮಾವನವರಿಗೆ ಜೀವವೇ ಹೋದ ಹಾಗೆ. ಅಸಿಟೋನ್ ಕ್ಯಾನ್ ಖಾಲಿಯಾಗುವ ವೇಗ ತೋರಿಸಿದ ಮೇಲೆ ಸುಮ್ಮನಾದರು. ನಾನು ತೊಳೆದು ಕಾಪಾಡುವುದು ಜೆಲ್ ಕೋಟ್ ಬ್ರಷ್‌ಗಳನ್ನು ಮಾತ್ರ.

ಯಾಕೆ ಅಂದರೆ, ಪ್ಯಾಟರ್ನ್‌ನ ಮುಖ ಅಂದರೆ ಜೆಲ್ ಕೋಟ್. ಮರಳು ತಾಗುವುದು ಅದಕ್ಕೇ. ಆ ಪದರದಲ್ಲಿ ಒಂದು ಕೂದಲು ಉಳಿದರೆ ಸಾಕು, ಮರಳಿನ ಅಚ್ಚಿನಲ್ಲಿ ಗೀರು ಮೂಡುತ್ತದೆ, ಅಲ್ಲಿಂದ ಎರಕದ ಮೇಲೂ ಬರುತ್ತದೆ. ಅಗ್ಗದ ಬ್ರಷ್ ಕೂದಲು ಉದುರಿಸುವುದು ಗ್ಯಾರಂಟಿ. ಒಳ್ಳೆ ಬ್ರಷ್ ಆದರೂ ಹೊಸದರಲ್ಲಿ ಒಂದಿಷ್ಟು ಉದುರಿಸುತ್ತದೆ. ಅದಕ್ಕೆ ಮೊದಲು ಅಂಗೈಗೆ ಬಡಿದು, ಮಾಸ್ಕಿಂಗ್ ಟೇಪ್‌ನ ಅಂಟು ಮುಖವನ್ನು ಕೂದಲಿಗೆ ಒತ್ತಿ ಒತ್ತಿ ಕೀಳುತ್ತೇನೆ. ಸಡಿಲ ಇದ್ದದ್ದೆಲ್ಲ ಟೇಪಿಗೆ ಬರುತ್ತದೆ. ಅದೇ ಟೇಪನ್ನು ತಗಡಿನ ಸುತ್ತ, ಕೂದಲಿನ ಬುಡದ ಮೇಲೂ ಸ್ವಲ್ಪ ಬರುವ ಹಾಗೆ ಸುತ್ತುತ್ತೇನೆ. ಅದ್ದುವಾಗ ಮೂರನೇ ಒಂದು ಪಾಲು ಕೂದಲು ಮಾತ್ರ ಒದ್ದೆಯಾಗಬೇಕು. ಇಷ್ಟು ಮಾಡಿದರೆ ತೊಳೆಯುವ ಕೆಲಸ ಅರ್ಧ ಕಡಿಮೆ.

ತೊಳೆಯುವುದು ಹೀಗೆ. ಮೊದಲು ಹಳೇ ಪೇಪರ್ ಮೇಲೆ ಒತ್ತಿ ಒತ್ತಿ ರೆಸಿನ್ ತೆಗೆಯಬೇಕು. ಈ ಹಂತವನ್ನು ಎಲ್ಲರೂ ಹಾರಿಸಿಬಿಡುತ್ತಾರೆ, ಆಮೇಲೆ ಅಸಿಟೋನ್ ಸಾಲಲಿಲ್ಲ ಅಂತಾರೆ. ಆಮೇಲೆ ಮೂರು ಸ್ಟೀಲ್ ಡಬ್ಬಿ. ಮೊದಲನೆಯದರಲ್ಲಿ ಹಳೇ ಅಸಿಟೋನ್, ಎರಡನೆಯದರಲ್ಲಿ ಒಮ್ಮೆ ಬಳಸಿದ್ದು, ಮೂರನೆಯದರಲ್ಲಿ ಹೊಸದು. ಪ್ರತಿ ಡಬ್ಬಿಯಿಂದ ತೆಗೆದಾಗಲೂ ಬಟ್ಟೆಯಲ್ಲಿ ಹಿಂಡಬೇಕು. ಇಲ್ಲದಿದ್ದರೆ ಕೊಳೆಯನ್ನು ಡಬ್ಬಿಯಿಂದ ಡಬ್ಬಿಗೆ ಸಾಗಿಸಿದ ಹಾಗಷ್ಟೇ. ಕೊನೆಗೆ ಬಿಸಿನೀರು, ಪಾತ್ರೆ ತೊಳೆಯುವ ಸೋಪು. ಬುಡದಿಂದ ತುದಿಯ ಕಡೆಗೆ ಹಳೇ ಬಾಚಣಿಗೆಯಲ್ಲಿ ಬಾಚಿ, ಕೂದಲು ಕೆಳಗೆ ಮಾಡಿ ತೂಗುಹಾಕುತ್ತೇನೆ.

ಪ್ಲಾಸ್ಟಿಕ್ ಹಿಡಿಕೆಯ ಬ್ರಷ್ ಆದರೆ ಹುಷಾರು. ಕೆಲವು ಹಿಡಿಕೆ ಅಸಿಟೋನ್‌ನಲ್ಲಿ ಕರಗಿ ಕೈಗೇ ಅಂಟುತ್ತವೆ. ಸ್ಪಾಂಜ್ ಬ್ರಷ್ ನಂಬಲೇಬೇಡಿ. ನನ್ನದು ಮರದ ಹಿಡಿಕೆ, ಹಂದಿಕೂದಲು. ಅಸಿಟೋನ್ ಬದಲು ವಿನೆಗರ್ ಆಗಲ್ವಾ ಅಂತ ಕೇಳುವವರಿದ್ದಾರೆ. ಹಸಿ ರೆಸಿನ್ ಇರುವ ಟ್ರೇ, ತಕ್ಕಡಿ ಒರೆಸಲು ಆಗುತ್ತದೆ. ಬ್ರಷ್‌ನ ಬುಡಕ್ಕೆ ಅದರ ಆಟ ನಡೆಯಲ್ಲ.

ಮಳೆಗಾಲದಲ್ಲಿ ಇನ್ನೊಂದು ರಗಳೆ. ಅಸಿಟೋನ್ ಎಷ್ಟು ಬೇಗ ಹಾರುತ್ತದೆ ಅಂದರೆ ಬ್ರಷ್ ಕೈಗೆ ತಣ್ಣಗೆ ಕೊರೆಯುತ್ತದೆ. ಜುಲೈನ ಹವೆಯಲ್ಲಿ ಆ ತಣ್ಣನೆಯ ಕೂದಲಿನ ಮೇಲೆ ಗಾಳಿಯ ನೀರು ಹನಿಗಟ್ಟುತ್ತದೆ. ಒಣಗಿದೆ ಅಂತ ಮೂಗಿಗೆ ಅನಿಸುತ್ತದೆ, ವಾಸನೆ ಹೋಗಿರುತ್ತದೆ, ಆದರೆ ಒಳಗೆ ತೇವ ಇರುತ್ತದೆ. ನೀರಾಗಲಿ ಅಸಿಟೋನ್ ಆಗಲಿ, ಒಳಗೆ ಉಳಿದರೆ ಮುಂದಿನ ಜೆಲ್ ಕೋಟ್‌ನಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತವೆ, ಅಲ್ಲಲ್ಲಿ ಮೆತ್ತಗೆ ಉಳಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಇಂದು ತೊಳೆದ ಬ್ರಷ್ಷನ್ನು ಇಂದೇ ಮತ್ತೆ ರೆಸಿನ್‌ಗೆ ಇಳಿಸಲ್ಲ.

ಎರಡು ಕೋಟ್ ನಡುವೆ ಸ್ವಲ್ಪ ಹೊತ್ತು ಬಿಡುವಿದ್ದರೆ ತೊಳೆಯುವ ಬದಲು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿಡಬಹುದು. ಗಟ್ಟಿಯಾಗುವುದು ನಿಲ್ಲಲ್ಲ, ನಿಧಾನವಾಗುತ್ತದೆ. ಶಾಪಿಗೆ ಬೇರೆ ಹಳೇ ಫ್ರಿಡ್ಜ್ ಇದ್ದರೆ ಮಾತ್ರ. ಮೊಸರು, ಹಾಲು ಇಡುವ ಫ್ರಿಡ್ಜ್‌ಗೆ ಬೇಡವೇ ಬೇಡ.

ಮೇಣ ಹಚ್ಚುವ ಬ್ರಷ್ ಬೇರೆಯೇ ಇರಲಿ. ಪ್ಯಾಟರ್ನ್ ಬಿಡಿಸಿಕೊಳ್ಳಲು ಹಚ್ಚುವ ಮೇಣ ರೆಸಿನ್ ಬ್ರಷ್‌ಗೆ ತಾಗಿತು ಅಂದರೆ ಜೆಲ್ ಕೋಟ್ ಅಲ್ಲಲ್ಲಿ ಸರಿದು ಗುಳಿ ಬೀಳುತ್ತದೆ. ನಾನು ಮೇಣದ ಬ್ರಷ್ ಹಿಡಿಕೆಗೆ ಕೆಂಪು ಪಟ್ಟಿ ಬಳಿದಿದ್ದೇನೆ. ಪ್ಯಾಟರ್ನ್ ಬಿಡಿಸಿಕೊಳ್ಳಲೆಂದೇ ಹಚ್ಚುವ, ನೀರಿನಲ್ಲಿ ಕರಗುವ ಇನ್ನೊಂದು ದ್ರವ ಪಿವಿಎ. ಅದನ್ನು ಹಚ್ಚುವ ಬ್ರಷ್‌ಗೆ ಬರೀ ನೀರು ಸಾಕು.

ಕೈಗೆ ಅಂಟಿದ ರೆಸಿನ್‌ಗೆ ಅಸಿಟೋನ್ ಹಾಕಬೇಡಿ. ಅದು ರೆಸಿನ್ ತೆಳು ಮಾಡಿ ಚರ್ಮದ ಒಳಗೇ ಕಳಿಸುತ್ತದೆ. ಒಮ್ಮೆ ಅಲರ್ಜಿ ಹಿಡಿದರೆ ಆಮೇಲೆ ರೆಸಿನ್ ಹತ್ತಿರ ಹೋದರೂ ಕಡಿತ, ಗುಳ್ಳೆ. ಅಡುಗೆ ಎಣ್ಣೆ ಉಜ್ಜಿ, ಒರೆಸಿ, ಸೋಪಿನಲ್ಲಿ ತೊಳೆಯಿರಿ. ನೀಲಿ ನೈಟ್ರೈಲ್ ಗ್ಲೌಸ್ ರೆಸಿನ್‌ಗೆ ಸರಿ, ಅಸಿಟೋನ್ ಅದರೊಳಗೆ ಬೇಗ ನುಗ್ಗುತ್ತದೆ. ಒದ್ದೆಯಾದರೆ ಕೂಡಲೇ ಬದಲಿಸಿ. ಇನ್ನು ಬೆಂಕಿ. ಅಸಿಟೋನ್ ಆವಿ ಗಾಳಿಗಿಂತ ಭಾರ, ನೆಲದ ಗುಂಟ ಹರಿಯುತ್ತದೆ. ಪಕ್ಕದ ಶೆಡ್‌ನಲ್ಲಿ ವೆಲ್ಡಿಂಗ್ ನಡೀತಿದ್ದರೆ ನಾನು ಡಬ್ಬಿ ತೆರೆಯುವುದೇ ಇಲ್ಲ. "ಕಾಕಾ, ಬೀಡಿ ಹೊರಗ ಸೇದ್ರಿ" ಅಂತ ದಿನಾ ಹೇಳಬೇಕು. ಅವರೂ ದಿನಾ "ಹೂನವಾ" ಅಂತಾರೆ.

ಬಳಸಿದ ಅಸಿಟೋನ್ ಗಟಾರಕ್ಕೆ ಸುರಿಯಬೇಡಿ. ಮುಚ್ಚಳ ಹಾಕಿ ಇಟ್ಟರೆ ಮುದ್ದೆ ತಳ ಸೇರುತ್ತದೆ, ಮೇಲಿನದ್ದನ್ನು ನಿಧಾನಕ್ಕೆ ಬಗ್ಗಿಸಿಕೊಂಡರೆ ಮೊದಲ ಡಬ್ಬಿಗೆ ಆಯಿತು. ಅದು ಇನ್ನೂ ಕೆಲಸಕ್ಕೆ ಬರುತ್ತದೋ ಇಲ್ಲವೋ ನೋಡಲು ಗಾಜಿನ ತುಂಡಿನ ಮೇಲೆ ಒಂದು ಹನಿ ಬಿಡುತ್ತೇನೆ. ಹಾರಿ ಹೋದ ಮೇಲೆ ಗಾಜು ಸ್ವಚ್ಛ ಇದ್ದರೆ ಬ್ರಷ್‌ಗೆ. ಬೆರಳಿಗೆ ಅಂಟಂಟು ತಾಗಿದರೆ ಟ್ರೇ ಒರೆಸಲು.