‘ಅಮೆರಿಕದಲ್ಲಿ ನಿನಗೂ ವಿಮಾನ ಕೊಡ್ತಾರಾ?’

ಕೊಡುತ್ತಾರೆ. ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಬಿಡುವುದಿಲ್ಲ. ಎಲೆಯ ಮುಂದೆ ಕೂತು, ಬಡಿಸಿದ ಅನ್ನ ಆರಿ ತಣ್ಣಗಾಗುವವರೆಗೆ ವಿವರಿಸಿ ವಿವರಿಸಿ ನನಗೆ ಸಾಕಾಗಿದೆ. ಆದ್ದರಿಂದ ಒಮ್ಮೆ ಬರೆದಿಟ್ಟುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ನಾನು ವೃತ್ತಿಯಿಂದ ಲೆಕ್ಕಪರಿಶೋಧಕಿ, ಹವ್ಯಾಸದಿಂದ ಪೈಲಟ್. ಬೆಂಗಳೂರಿನ ಜಕ್ಕೂರಿನಲ್ಲಿ ಕಲಿತು, ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯವಾದ ಡಿಜಿಸಿಎಯಿಂದ ಖಾಸಗಿ ಪೈಲಟ್ ಪರವಾನಗಿ ಪಡೆದಿದ್ದೇನೆ. ಕನಿಷ್ಠ 40 ಗಂಟೆಗಳ ಹಾರಾಟ, ಲಿಖಿತ ಪರೀಕ್ಷೆಗಳು, ವೈದ್ಯಕೀಯ ತಪಾಸಣೆ, ರೇಡಿಯೋದಲ್ಲಿ ಮಾತನಾಡಲು ಬೇರೆಯದೇ ಒಂದು ಲೈಸೆನ್ಸು, ಇವೆಲ್ಲ ಮುಗಿದ ಮೇಲೆ ಕೈಗೆ ಬರುವ ಈ ಪರವಾನಗಿಯಿಂದ ಒಂದು ರೂಪಾಯಿಯನ್ನೂ ಸಂಪಾದಿಸುವಂತಿಲ್ಲ. ಸ್ವಂತ ಖುಷಿಗೆ, ಸ್ವಂತ ಖರ್ಚಿನಲ್ಲಿ ಹಾರಬೇಕು. ಅಕ್ಕ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಹತ್ತಿರದ ಪಾಲೊ ಆಲ್ಟೊ ನಿಲ್ದಾಣದಿಂದ ನಾಲ್ಕು ಸೀಟಿನ ಸೆಸ್ನಾ 172 ವಿಮಾನವನ್ನು ಬಾಡಿಗೆಗೆ ಪಡೆದು ಹಾರಿಸುತ್ತೇನೆ. ಇಷ್ಟು ವಿಷಯ ಬಂಧುಬಳಗಕ್ಕೆ ತಿಳಿದದ್ದೇ ತಪ್ಪಾಯಿತು.

ಕಳೆದ ವರ್ಷ ಒಂದು ಗೃಹಪ್ರವೇಶದಲ್ಲಿ ದೊಡ್ಡಪ್ಪನ ಬೀಗರು, ಪಂಕ್ತಿಯ ಆ ತುದಿಯಿಂದ ಈ ತುದಿಗೆ ಕೇಳುವಂತೆ, “ಏನಮ್ಮಾ, ಅಮೆರಿಕದಲ್ಲಿ ನಿನಗೂ ವಿಮಾನ ಕೊಡ್ತಾರಾ?” ಎಂದರು. ದಯವಿಟ್ಟು ಆ ‘ಊ’ಕಾರವನ್ನು ಗಮನಿಸಬೇಕು. “ನಿನಗೆ ಕೊಡ್ತಾರಾ” ಎಂದು ಕೇಳಿದ್ದರೆ ಅದು ಪ್ರಶ್ನೆ. “ನಿನಗೂ” ಎಂದರೆ ಅದು ತೀರ್ಪು. ವಿಮಾನ ಕೊಡಿಸಿಕೊಳ್ಳಲು ಅರ್ಹರಾದವರ ದೊಡ್ಡದೊಂದು ಸಾಲು ಅವರ ಮನಸ್ಸಿನಲ್ಲಿ ನಿಂತಿತ್ತು, ಅದರ ಕೊನೆಯಲ್ಲಿ, ಸೀರೆ ಉಟ್ಟು ಮಜ್ಜಿಗೆಹುಳಿ ಕಲಸುತ್ತಿದ್ದ ನಾನು. ನಾನು ಉತ್ತರಿಸುವ ಮೊದಲೇ ಅವರ ಪತ್ನಿ, “ಯಜಮಾನರೂ ಜೊತೆಗೆ ಕೂತಿರ್ತಾರೆ ಅಲ್ವಾ?” ಎಂದು ಇನ್ನೊಂದು ‘ಊ’ ಸೇರಿಸಿದರು. ನಮ್ಮ ಯಜಮಾನರಿಗೆ ಶಿರಾಡಿ ಘಾಟಿಯಲ್ಲಿ ಬಸ್ಸಿನ ಎರಡನೆಯ ತಿರುವಿಗೇ ನಿಂಬೆಹಣ್ಣು ಬೇಕಾಗುತ್ತದೆ. ಅವರು ನೆಲದ ಮೇಲೆ ನಿಂತು ಕೈಬೀಸುತ್ತಾರೆ, ಅದೂ ನೆರಳಿದ್ದರೆ.

ಈಗ ಕೊಡುವ ವಿಷಯಕ್ಕೆ ಬರೋಣ. ಪರವಾನಗಿ ಯಾವ ದೇಶದ್ದಾಗಿರಬೇಕು ಎಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ವಿಮಾನ ಎಲ್ಲಿ ನೋಂದಣಿಯಾಗಿದೆ ಎಂಬ ಸಂಗತಿ. ಭಾರತದ ವಿಮಾನಗಳ ಮೈಮೇಲೆ ‘ವಿಟಿ’ ಎಂದೂ ಅಮೆರಿಕದವುಗಳ ಮೇಲೆ ‘ಎನ್’ ಎಂದೂ ಆರಂಭವಾಗುವ ಗುರುತು ಇರುತ್ತದೆ. ಆ ಗುರುತು ಕೊಟ್ಟ ದೇಶವೇ ಪೈಲಟ್ಟಿಗೂ ಪರವಾನಗಿ ಕೊಟ್ಟಿರಬೇಕು, ಇಲ್ಲವೇ ಬೇರೆ ದೇಶದ ಪರವಾನಗಿಯನ್ನು ಮಾನ್ಯ ಮಾಡಿರಬೇಕು. ಅಂತರರಾಷ್ಟ್ರೀಯ ವಿಮಾನಯಾನದ ಕುರಿತಾದ 1944ರ ಷಿಕಾಗೊ ಒಪ್ಪಂದದ 32ನೆಯ ವಿಧಿಯ ಸಾರ ಇದೇ. ನಾನು ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಯಾದ ಎಫ್‌ಎಎಗೆ ಒಂದು ಅರ್ಜಿ ಹಾಕಿದೆ. ಅದು ಓಕ್ಲಹೋಮ ಸಿಟಿಯ ಕಚೇರಿಗೆ ಹೋಗುತ್ತದೆ. ಅವರು ಡಿಜಿಸಿಎಗೆ ಬರೆದು, ಈಕೆಯ ಪರವಾನಗಿ ಅಸಲಿಯೇ ಎಂದು ಕೇಳುತ್ತಾರೆ. ಹೌದೆಂಬ ಉತ್ತರ ಬಂದ ಮೇಲೆ ನನಗೊಂದು ಪತ್ರ ಬರುತ್ತದೆ. ಪ್ರಯಾಣಕ್ಕೆ ಮೂರು ತಿಂಗಳ ಮೊದಲೇ ಇದನ್ನು ಆರಂಭಿಸದಿದ್ದರೆ ಅಕ್ಕನ ಮನೆಯಲ್ಲಿ ಕೂತು ಹಪ್ಪಳ ಹುರಿಯಬೇಕಾಗುತ್ತದೆ. ಆ ಪತ್ರ, ಲಾಗ್‌ಬುಕ್ಕು, ವೈದ್ಯಕೀಯ ಪ್ರಮಾಣಪತ್ರಗಳನ್ನು ಹಿಡಿದು ಅಲ್ಲಿಯ ಅಧಿಕಾರಿಯ ಮುಂದೆ ಖುದ್ದಾಗಿ ನಿಲ್ಲಬೇಕು. ಹೊಸದಾಗಿ ಪರೀಕ್ಷೆ ಇಲ್ಲ. ಸಿಗುವ ಪ್ರಮಾಣಪತ್ರ ನನ್ನ ಭಾರತೀಯ ಪರವಾನಗಿಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಮೂಲ ಪರವಾನಗಿ ಜೊತೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ.

ಇಷ್ಟಾದರೂ ಹಾರುವಂತಿಲ್ಲ. ಬೋಧಕರೊಬ್ಬರ ಜೊತೆ ಕನಿಷ್ಠ ಒಂದು ಗಂಟೆ ನೆಲದ ಮೇಲಿನ ಪಾಠ, ಒಂದು ಗಂಟೆ ಹಾರಾಟದ ಪರಿಶೀಲನೆ ಮುಗಿಸಬೇಕು. ಯಾರನ್ನಾದರೂ ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಇಳಿದಿರಬೇಕು. ಬಾಡಿಗೆ ಕೊಡುವ ಕ್ಲಬ್ಬಿನವರದು ಇದರ ಮೇಲೆ ತಮ್ಮದೇ ಪರೀಕ್ಷೆ, ಏಕೆಂದರೆ ಅವರಿಗೆ ವಿಮೆಯ ಭಯ. ಒಟ್ಟಿನಲ್ಲಿ, ಬೀಗರೇ, ಕಾರಿನ ಬಾಡಿಗೆಯಂತೆ ಕೌಂಟರಿನಲ್ಲಿ ಕೀಲಿಕೈ ಎಸೆಯುವುದಿಲ್ಲ.

ಬೋಧಕರ ಜೊತೆಗಿನ ಆ ಗಂಟೆಗಳಲ್ಲಿ ನಾನು ಕಲಿತದ್ದು ಹಾರಿಸುವುದನ್ನಲ್ಲ. ಸೆಸ್ನಾ ಜಕ್ಕೂರಿನಲ್ಲೂ ಸೆಸ್ನಾನೇ. ಕಲಿತದ್ದು ಅಲ್ಲಿಯ ರೂಢಿಗಳನ್ನು. ನಾವು ವಾಯುಭಾರವನ್ನು ಹೆಕ್ಟೊಪಾಸ್ಕಲ್‌ನಲ್ಲಿ ಹೇಳುತ್ತೇವೆ, ಅವರು ಪಾದರಸದ ಅಂಗುಲಗಳಲ್ಲಿ. ನಮ್ಮ 1013 ಅವರಿಗೆ 29.92. ನಾವು ರೇಡಿಯೋ ತರಂಗಾಂಕ ಹೇಳುವಾಗ ‘ಡೆಸಿಮಲ್’ ಎನ್ನುವಲ್ಲಿ ಅವರು ‘ಪಾಯಿಂಟ್’ ಎನ್ನುತ್ತಾರೆ. ನಮ್ಮಲ್ಲಿ ಊರಿಂದೂರಿಗೆ ಹಾರಬೇಕಾದರೆ ಫ್ಲೈಟ್ ಪ್ಲಾನ್ ಸಲ್ಲಿಸಿ ವಾಯುರಕ್ಷಣೆಯ ಅನುಮತಿಸಂಖ್ಯೆಗೆ ಕಾಯಬೇಕು. ಅಲ್ಲಿ ಹವೆ ತಿಳಿಯಾಗಿದ್ದರೆ ಹೆಚ್ಚಿನ ಕಡೆ ಪ್ಲಾನ್ ಕೂಡ ಬೇಡ. ಹಲವು ನಿಲ್ದಾಣಗಳಲ್ಲಿ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರೇ ಇರುವುದಿಲ್ಲ. ನಾನಿಲ್ಲಿದ್ದೇನೆ, ಇಳಿಯುತ್ತಿದ್ದೇನೆ ಎಂದು ನಾವೇ ರೇಡಿಯೋದಲ್ಲಿ ಸಾರಿಕೊಂಡು ಇಳಿಯಬೇಕು. ಮೊದಲ ಸಲ ಹಾಗೆ ಮಾಡಿದಾಗ ಖಾಲಿ ಮನೆಯಲ್ಲಿ ಒಬ್ಬಳೇ ಮಾತಾಡಿಕೊಂಡಂತೆ ನಾಚಿಕೆಯಾಯಿತು. ಸ್ಯಾನ್ ಫ್ರಾನ್ಸಿಸ್ಕೊ ದೊಡ್ಡ ನಿಲ್ದಾಣದ ನಿಯಂತ್ರಣದಲ್ಲಿರುವ ಆಕಾಶವಂತೂ ದಸರೆಯ ಗೊಂಬೆ ಮೆಟ್ಟಿಲನ್ನು ತಲೆಕೆಳಗಾಗಿ ತೂಗುಹಾಕಿದಂತೆ ಹಂತಹಂತವಾಗಿ ಹರಡಿದೆ. ಅನುಮತಿಯಿಲ್ಲದೆ ಯಾವ ಮೆಟ್ಟಿಲಿಗೂ ತಲೆ ತಗುಲಬಾರದು. ಆಗ ಕಾಪಾಡುವ ಪದ ‘ಅನ್‌ಫೆಮಿಲಿಯರ್’. ಈ ಜಾಗಕ್ಕೆ ಹೊಸಬಳು ಎಂದು ಒಪ್ಪಿಕೊಂಡ ತಕ್ಷಣ, ಅಲ್ಲಿಯವರೆಗೆ ಹರಾಜು ಕೂಗುವವರಂತೆ ಮಾತಾಡುತ್ತಿದ್ದ ಕಂಟ್ರೋಲರು ನಿಧಾನಿಸಿ, ಬಿಡಿಸಿ ಹೇಳಿದರು. ಅವರು “ನಿನಗೂ” ಎನ್ನಲಿಲ್ಲ.

ಇಷ್ಟು ವರ್ಷಗಳಲ್ಲಿ ಯಾರಾದರೂ ಒಬ್ಬರು, “ಅಲ್ಲಿಯ ಹವೆಯ ಪರಿಚಯ ನಿಮಗಿದೆಯೇ?” ಎಂದು ಕೇಳಬೇಕಿತ್ತು. ಕೇಳಿದ್ದರೆ ನಾನು ಇಷ್ಟು ಜೋರು ಮಾಡುತ್ತಿರಲಿಲ್ಲ. ಮಾನ್ಯತೆ ಪಡೆದದ್ದು ನನ್ನ ಪರವಾನಗಿಯೇ ಹೊರತು, ಬೆಂಗಳೂರಿನ ಆಕಾಶ ನೋಡಿ ರೂಢಿಸಿಕೊಂಡ ನನ್ನ ಅಂದಾಜುಗಳಲ್ಲ.

ಅದು ಜುಲೈ. ಅಮ್ಮನಿಗೆ 74 ವರ್ಷ, ಅಕ್ಕನ ಮನೆಗೆ ಬಂದಿದ್ದಳು. ಬೆಟ್ಟಸಾಲಿನ ಆಚೆ ಪೆಸಿಫಿಕ್ ದಡದಲ್ಲಿರುವ ಹಾಫ್ ಮೂನ್ ಬೇ ನಿಲ್ದಾಣಕ್ಕೆ ಅವಳನ್ನೂ ಭಾವನನ್ನೂ ಕರೆದೊಯ್ದು, ಇಳಿದು, ಕಾಫಿ ಕುಡಿದು ಬರುವುದೆಂದು ನಿಶ್ಚಯವಾಗಿತ್ತು. ಪೂರ್ತಿ ಬಾಡಿಗೆಯನ್ನು ತಾನೇ ಕೊಡುವುದಾಗಿ ಭಾವ ಹಟ ಹಿಡಿದರು. ಮೂವರಿದ್ದರೆ ಮೂರರಲ್ಲೊಂದು ಪಾಲನ್ನಾದರೂ ಪೈಲಟ್ಟೇ ಕೊಡಬೇಕು ಎಂಬುದು ಅಲ್ಲಿಯ ನಿಯಮ ಎಂದರೂ ಅವರಿಗೆ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಕರಾವಳಿಯಲ್ಲಿ ಮಂಜಿತ್ತು. ಬಿಸಿಲೇರಿದರೆ ಕರಗುತ್ತದೆ ಎಂದೆ. ಬೆಂಗಳೂರಿನ ಮಾಗಿಯ ಮಂಜು ಹಾಗೆಯೇ ತಾನೆ. ರಾತ್ರಿ ನೆಲ ತಣಿದು ಹುಟ್ಟುತ್ತದೆ, ನೆಲ ಕಾದೊಡನೆ ಹೋಗುತ್ತದೆ. ಆದರೆ ಆ ದಡದ ಮಂಜು ನೆಲದ್ದಲ್ಲ, ಕಡಲಿನದು. ಬೇಸಿಗೆಯಲ್ಲಿ ಅಲ್ಲಿ ಆಳದ ತಣ್ಣೀರು ಮೇಲೆದ್ದು ಬಂದು ಕಡಲ ಗಾಳಿಯನ್ನು ತಣಿಸುತ್ತದೆ. ಒಳನಾಡಿನ ಕಣಿವೆ ಕಾದಷ್ಟೂ ಆ ಗಾಳಿಯನ್ನು ಮಂಜಿನ ಸಮೇತ ದಡಕ್ಕೆ ಎಳೆಯುತ್ತದೆ. ನಾನು ಯಾವ ಬಿಸಿಲನ್ನು ನಂಬಿದ್ದೆನೋ ಅದೇ ಮಂಜನ್ನು ಕರೆಸಿಕೊಳ್ಳುತ್ತಿತ್ತು.

ಮಧ್ಯಾಹ್ನ ಅಲ್ಲಿಯ ಸ್ವಯಂಚಾಲಿತ ಹವಾಮಾನ ಧ್ವನಿ, ಮೋಡ ಚದುರಿದೆ ಎಂದಿತು. ಹೊರಟೆವು. ಕ್ರಿಸ್ಟಲ್ ಸ್ಪ್ರಿಂಗ್ಸ್ ಜಲಾಶಯದ ಮೇಲೆ ಬಂದಾಗ ಎದುರಿನ ಬೆಟ್ಟಸಾಲಿನಿಂದ ಮಂಜು ಉಕ್ಕಿದ ಹಾಲಿನಂತೆ ಈಚೆಗೆ ಇಳಿಯುತ್ತಿತ್ತು. ಅದರಾಚೆ ದಡವೇ ಇಲ್ಲ, ಬೆಳ್ಳಗಿನ ಬಯಲು. ನಡುವೆ ಒಂದೇ ಒಂದು ಕಡೆ ಹರಿದು ನೀಲಿ ಸಮುದ್ರ ಕಾಣುತ್ತಿತ್ತು. ಪೈಲಟ್ಟುಗಳು ಇದನ್ನು ‘ಸಕ್ಕರ್ ಹೋಲ್’ ಎನ್ನುತ್ತಾರೆ, ಅಂದರೆ ಪೆದ್ದರನ್ನು ಕರೆಯುವ ಕಿಂಡಿ. ಅದರೊಳಗೆ ಇಳಿದ ಮೇಲೆ ಅದು ಮುಚ್ಚಿಕೊಂಡರೆ ಕೆಳಗೆ ಕಡಲು, ಪಕ್ಕದಲ್ಲಿ ಬೆಟ್ಟ, ಮೇಲೆ ಮೋಡ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ಸುತ್ತು ಹೊಡೆದು ಅದನ್ನೇ ನೋಡಿದೆ. ಅಮ್ಮ ಮರುದಿನ ಊರಿಗೆ ಹೊರಡುವವಳಿದ್ದಳು. ಮೂರು ತಿಂಗಳ ಅರ್ಜಿ, ಓಕ್ಲಹೋಮದ ಪತ್ರ, ಎಲ್ಲವೂ ಆ ಕಿಂಡಿಯಲ್ಲಿ ಕಾಣಿಸಿತು. ಬೀಗರ ‘ಊ’ ಕೂಡ ಕೇಳಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ಇನ್ನೊಂದು ಸುತ್ತಿಗೆ ರೆಕ್ಕೆ ವಾಲಿಸಿದಾಗ ಕಿಂಡಿ ಮೊದಲಿಗಿಂತ ಕಿರಿದಾಗಿತ್ತು. ಪಾಲೊ ಆಲ್ಟೊ ಕಡೆಗೆ ತಿರುಗಿಸಿದೆ.

ಮೀಟರು 0.9 ಗಂಟೆ ತೋರಿಸಿತು. ಗಂಟೆಗೆ 190 ಡಾಲರ್‌ನಂತೆ 171, ಪೆಟ್ರೋಲು ಸೇರಿ. “ಇಳೀದೇ ವಾಪಸ್ ಬಂದ್ವಲ್ಲ, ಏನೂ ಕಡಿಮೆ ಮಾಡಲ್ವಾ?” ಎಂದು ಭಾವ ಕೌಂಟರಿನಲ್ಲಿ ಕನ್ನಡದಲ್ಲಿ ನನ್ನನ್ನು ಕೇಳಿದರು. ನನ್ನ ಪಾಲಿನ 57 ಡಾಲರನ್ನು ಎಣಿಸಿ ಕೊಟ್ಟೆ.

ಸಂಜೆ ಕಾರಿನಲ್ಲೇ ಹಾಫ್ ಮೂನ್ ಬೇಗೆ ಹೋದೆವು. ಬೆಟ್ಟ ಇಳಿಯುವಾಗಲೇ ಭಾವ ದೀಪ ಹಾಕಿಕೊಂಡರು. ಹೆದ್ದಾರಿ ನಿಲ್ದಾಣದ ಪಕ್ಕದಲ್ಲೇ ಹಾದುಹೋಗುತ್ತದೆ. ಬೇಲಿಯ ಬಳಿ ನಿಲ್ಲಿಸಿದರು. ಅಮ್ಮ ಗಾಜು ಇಳಿಸಿ, ಶಾಲು ಬಿಗಿಯಾಗಿ ಹೊದ್ದುಕೊಂಡು, ಬಹಳ ಹೊತ್ತು ನೋಡಿ, “ಎಲ್ಲೇ ಅದು, ನೀನು ಇಳಿಸಬೇಕಾಗಿದ್ದ ರನ್‌ವೇ?” ಎಂದಳು.

ನನಗೂ ಕಾಣಿಸಲಿಲ್ಲ.